ಹುಣಸೆಹಣ್ಣಿನಲ್ಲಿ ತೊಳೆದ ತೋಟಾಗಳು

ಕಾವ್ಯಾ, ಚಂದನಾ, ಇಬ್ಬರೂ ಒಟ್ಟಿಗೆ ಕೂತು ಓದಿ. ಎದುರಿಗೆ ಕೂರಿಸಿಕೊಂಡು ಹೇಳುವ ಧೈರ್ಯ ನನಗಿಲ್ಲ. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಈಗಲೂ ನನ್ನ ನಾಲಿಗೆ ಒಣಗುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅಷ್ಟೇ ನನಗಿರುವ ಅನುಕೂಲ.

ಕಾವ್ಯಾ, ನೀನು ಡಿಪ್ಲೊಮಾ ಮುಗಿಸಿ ಕಾರ್ಖಾನೆಯ ಅಳತೆ ಕೋಣೆಗೆ ಕೆಲಸಕ್ಕೆ ಸೇರುತ್ತೀ ಎಂದು ತಿಳಿದ ದಿನ ನಿಮ್ಮಮ್ಮ ಬಂದವರಿಗೆಲ್ಲ, "ಅವ್ರಜ್ಜಿ ಥರಾನೇ ಕಣಕ್ಕ, ಅಳತೆ ಅಂದ್ರೆ ಅಳತೆ, ಒಂಚೂರೂ ಅತ್ತಿತ್ತ ಇಲ್ಲ" ಎಂದು ಹೇಳಿಕೊಂಡಳು. ನಾನು ಎದ್ದು ಹಿತ್ತಿಲಿಗೆ ಹೋದೆ. ಸೊಪ್ಪು ಕೀಳಲು ಹೋದೆ ಎಂದು ನೀವು ತಿಳಿದಿರಿ. ಸೊಪ್ಪು ಕೀಳಲಿಲ್ಲ, ಸುಮ್ಮನೆ ನಿಂತಿದ್ದೆ. ಏಕೆಂದು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನನ್ನ ತವರು ಬಿಂಡಿಗನವಿಲೆ ಪಕ್ಕದ ಹಳ್ಳಿ. ಏಳನೇ ತರಗತಿವರೆಗೆ ಅಲ್ಲೇ ಓದಿದೆ. ಮದುವೆಯಾಗಿ ಅರಕೆರೆಗೆ ಬಂದೆ. ನಿಮ್ಮ ತಾತ ಶ್ರೀರಂಗಪಟ್ಟಣದ ಹೊರಗಿದ್ದ ಒಂದು ಕೋವಿ ರಿಪೇರಿ ವರ್ಕ್‌ಶಾಪಿನಲ್ಲಿ ಕಾವಲಿಗಿದ್ದರು. ಅವರು ತೀರಿಕೊಂಡ ಮೇಲೆ ಮಾಲೀಕರು ನನ್ನನ್ನು ಕರೆಸಿ ಕಸ ಗುಡಿಸುವ ಕೆಲಸ ಕೊಟ್ಟರು. ರೈತರು ಬೆಳೆ ಕಾಯಲು ಇಟ್ಟುಕೊಂಡ ಲೈಸೆನ್ಸಿನ ಕೋವಿಗಳು, ರೈಫಲ್ ಕ್ಲಬ್ಬಿನವರ ಕೋವಿಗಳು ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು. ಕ್ಲಬ್ಬಿನವರು ಹಾರಿಸಿದ ಖಾಲಿ ತೋಟಾಗಳಿಗೆ, ಸರ್ಕಾರದ ಅನುಮತಿ ಪಡೆದು, ಮತ್ತೆ ಮದ್ದು ತುಂಬಿಕೊಡುವ ಕೆಲಸವೂ ನಡೆಯುತ್ತಿತ್ತು.

ಅಲ್ಲಿನ ಮೇಸ್ತ್ರಿ ಸಿದ್ದೇಗೌಡರು. ಮಿಲಿಟರಿಯಲ್ಲಿ ಕೋವಿ ರಿಪೇರಿ ಮಾಡಿ ಬಂದವರು. ಒಂದು ದಿನ ನಾನು ಡಬ್ಬಿಗಳ ಮೇಲೆ ಚೀಟಿ ಬರೆದು ಅಂಟಿಸುತ್ತಿದ್ದುದನ್ನು ನೋಡಿ, "ಎಲಾ ಇವಳಾ! ಅಚ್ಚು ಒತ್ತಿದಂಗೆ ಬರೀತೀಯಲ್ಲಮ್ಮ. ಆ ಪೊರಕೆ ಅತ್ಲಾಗೆ ಮಡಗು, ಬಾ ಇಲ್ಲಿ" ಎಂದು ತಕ್ಕಡಿಯ ಮುಂದೆ ಕೂರಿಸಿದರು. ಅಂದಿನಿಂದ ನಿವೃತ್ತಿಯವರೆಗೆ ನಾನು ತಕ್ಕಡಿ ಬಿಟ್ಟು ಏಳಲಿಲ್ಲ.

ಕೆಲಸ ಏನೆಂದು ಹೇಳುತ್ತೇನೆ. ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ ಜಾಗಕ್ಕೆ ಚೇಂಬರು ಎನ್ನುತ್ತಾರೆ. ಸಂಕ್ರಾಂತಿಗೆ ನಾವು ಮರದ ಅಚ್ಚಿಗೆ ಸಕ್ಕರೆ ಪಾಕ ಹುಯ್ಯುತ್ತೇವಲ್ಲ, ಪಾಕ ಅಚ್ಚಿನ ಆಕಾರವನ್ನೇ ತಾಳುತ್ತದೆ. ಹಾಗೆಯೇ ಕೋವಿ ಹಾರಿದಾಗ ತೋಟಾದ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಆರಿದ ಮೇಲೂ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಉಳಿಯುತ್ತದೆ. ಒಂದೇ ಹೆಸರಿನ, ಒಂದೇ ಮಾದರಿಯ ಎರಡು ರೈಫಲ್ಲುಗಳ ಚೇಂಬರು ಒಂದೇ ಸಮ ಇರುವುದಿಲ್ಲ. ಒಂದು ಕೂದಲೆಳೆಯಷ್ಟು ಸಡಿಲ, ಇನ್ನೊಂದು ಬಿಗಿ. ಸಡಿಲ ಚೇಂಬರಿನಲ್ಲಿ ಹಾರಿದ ತೋಟಾದ ಒಳಗೆ ಜಾಗ ಹೆಚ್ಚು. ಬಿಗಿ ಚೇಂಬರಿನದರಲ್ಲಿ ಕಡಿಮೆ. ಜಾಗ ಹೆಚ್ಚಿದ್ದಲ್ಲಿ ಹಾಕುವ ಮದ್ದನ್ನು ಜಾಗ ಕಡಿಮೆ ಇರುವಲ್ಲಿ ಹಾಕಿದರೆ ಒಳಗಿನ ಒತ್ತಡ ಮಿತಿ ಮೀರುತ್ತದೆ. ವ್ಯತ್ಯಾಸ ಎರಡು ಮೂರು ಅಕ್ಕಿಕಾಳಿನ ತೂಕದಷ್ಟೇ ಇರಬಹುದು. ಆದರೆ ಮುಖದ ಹತ್ತಿರ ಹಿಡಿಯುವ ವಸ್ತು ಅದು.

ಆ ಜಾಗವನ್ನು ನೀರಿನಿಂದ ಅಳೆಯುತ್ತಿದ್ದೆವು. ಖಾಲಿ ತೋಟಾವನ್ನು ತೂಗಬೇಕು. ಹಿಂಭಾಗದ ಸುಟ್ಟ ಕ್ಯಾಪನ್ನು ತೆಗೆಯಬಾರದು, ತೆಗೆದರೆ ನೀರು ಸೋರುತ್ತದೆ. ಇಂಕ್ ಫಿಲ್ಲರಿನಿಂದ ನೀರು ತುಂಬಿ, ಉಗುರಿನಲ್ಲಿ ತಟ್ಟಿ ಗುಳ್ಳೆ ಹೊರಡಿಸಿ, ಬಾಯಿಯ ಮಟ್ಟಕ್ಕೆ ಒತ್ತುಕಾಗದದಿಂದ ಒತ್ತಿ ಮತ್ತೆ ತೂಗಬೇಕು. ಎರಡು ತೂಕದ ನಡುವಿನ ಅಂತರವೇ ಒಳಗಿನ ಜಾಗ. ಒಂದೊಂದು ರೈಫಲ್ಲಿನಿಂದ ಐದು ತೋಟಾ ಅಳೆದು ಚೀಟಿ ಬರೆಯುತ್ತಿದ್ದೆ. ಆ ಚೀಟಿ ನೋಡಿ ಮೇಸ್ತ್ರಿಗಳು ಮದ್ದಿನ ಪ್ರಮಾಣ ಗೊತ್ತುಮಾಡುತ್ತಿದ್ದರು.

ಮೊದಲ ದಿನ ನಾನು ತೂಗಿದ್ದು ಒಂದೂ ಸರಿಬರಲಿಲ್ಲ. ಒಂದೇ ತೋಟಾ ಮೂರು ಸಲ ಮೂರು ತೂಕ ತೋರಿಸಿತು. ನನಗೆ ಅಳುವೇ ಬಂತು. ಲೇತ್ ಯಂತ್ರದ ಹತ್ತಿರ ನಿಂತಿದ್ದ ನಂಜುಂಡ ನೋಡಿದ. ಕಿಕ್ಕೇರಿಯವನು, ಲೇತಿನಲ್ಲಿ ಲೋಹ ಕಡೆಯುವ ನಮ್ಮ ಟರ್ನರು, ನನಗಿಂತ ಚಿಕ್ಕವನು.

"ಅಕ್ಕೋ, ಮೊದ್ಲು ಆ ಫ್ಯಾನ್ ಆರಿಸಿ. ಗಾಳೀನೂ ಸೇರಿಸ್ಕಂಡು ತೂಗ್ತಾ ಇದ್ದೀರಲ್ಲ!" ಎಂದ.

ಎಲ್ಲರೂ ನಕ್ಕರು. ಅವನು ಮಾತ್ರ ಬಂದು, ಫ್ಯಾನ್ ಆರಿಸಿ, ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಹೇಗೆ ಉಸಿರು ಬಿಗಿಹಿಡಿಯಬೇಕೆಂದು ತೋರಿಸಿಕೊಟ್ಟ. ನೀರಿಗೆ ಒಂದು ತೊಟ್ಟು ಸೋಪು ಸೇರಿಸಿದರೆ ಗುಳ್ಳೆ ಗೋಡೆಗೆ ಅಂಟುವುದಿಲ್ಲ ಎಂದು ಹೇಳಿಕೊಟ್ಟವನೂ ಅವನೇ. ನನ್ನ ಕೆಲಸದಲ್ಲಿ ಸರಿಯಾದದ್ದು ಏನಿತ್ತೋ ಅದರಲ್ಲಿ ಅರ್ಧ ಅವನು ಕಲಿಸಿದ್ದು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ಚೇಂಬರು ಎಂದರೆ ಏನೆಂದು ನನಗೆ ಕಣ್ಣಿಗೆ ಕಟ್ಟುವಂತೆ ತಿಳಿದದ್ದು ನಾಗಮಂಗಲದ ಕಡೆಯ ಒಬ್ಬ ರೈತರಿಂದ. ಅವರ ಅಪ್ಪನ ಕಾಲದ ಕೋವಿಯ ಚೇಂಬರು ತುಕ್ಕು ತಿಂದು ತಿಂದು ಅಗಲವಾಗಿತ್ತು. ಹಾರಿಸಿದ ತೋಟಾ ಉದ್ದಕ್ಕೆ ಸೀಳಿ, ಕಡಲೆಕಾಯಿ ಸಿಪ್ಪೆಯ ಹಾಗೆ ಬಾಯಿ ಬಿಟ್ಟಿತ್ತು.

"ಇದು ಇನ್ನು ಹಾರಿಸೋ ಕೋವಿ ಅಲ್ಲ ಗೌಡ್ರೇ" ಎಂದರು ಮೇಸ್ತ್ರಿಗಳು.

"ಅಂಗಂದ್ರೆ ಎಂಗೆ? ನಮ್ಮೂರ ಹಂದಿಗೆ ನಾನು ಏನಂತ ಏಳ್ಲಿ? ಮೊದ್ಲೇ ನನ್ ಗುರಿ ನೋಡಿ ನಗಾಡ್ತವೆ ಅವು!"

"ನಗಲಿ ಬುಡಿ. ನಿಮ್ಮ ಕೈ ಉಳೀತದೆ."

ಆ ಸೀಳಿದ ತೋಟಾವನ್ನು ಮೇಸ್ತ್ರಿಗಳು ನನ್ನ ಅಂಗೈಯಲ್ಲಿಟ್ಟು, "ನೋಡ್ಕಮ್ಮ. ಇದು ಸುಳ್ಳು ಹೇಳಕ್ಕಿಲ್ಲ" ಎಂದರು. ಅವರು ಹಿತ್ತಾಳೆಯ ಬಗ್ಗೆ ಹೇಳಿದ್ದು. ಅಳೆಯುವವರ ಬಗ್ಗೆ ಅಲ್ಲ.

ಆಮೇಲೆ ಕಾಲ ಬದಲಾಯಿತು. ಮುಳ್ಳಿನ ತಕ್ಕಡಿ ಹೋಗಿ ಗಾಜಿನ ಪೆಟ್ಟಿಗೆಯೊಳಗಿನ ಡಿಜಿಟಲ್ ತಕ್ಕಡಿ ಬಂತು. ಇಂಕ್ ಫಿಲ್ಲರ್ ಹೋಗಿ ಸಿರಿಂಜು ಬಂತು. ಉಸಿರು ಹಿಡಿಯುವುದು ತಪ್ಪಿತು. ಆದರೆ ಒಂದು ನಿಯಮ ಬದಲಾಗಲಿಲ್ಲ. ಒಂದು ರೈಫಲ್ಲಿನ ತೋಟಾ ಇನ್ನೊಂದರ ಜೊತೆ ಸೇರಬಾರದು. ಡಬ್ಬಿಗೆ ಚೀಟಿ ಅಂಟಿಸಿದರೆ ಎಣ್ಣೆಗೆ ಬಿದ್ದುಹೋಗುತ್ತಿತ್ತು. ಅದಕ್ಕೆ ನಾನು ಡಬ್ಬಿಯ ಕತ್ತಿಗೆ ನೂಲು ಕಟ್ಟುವುದನ್ನು ರೂಢಿ ಮಾಡಿದ್ದೆ. ಪಾಂಡವಪುರದ ಕ್ಲಬ್ಬಿನ ಎರಡು ರೈಫಲ್ಲುಗಳಲ್ಲಿ ಸಡಿಲ ಚೇಂಬರಿನದಕ್ಕೆ ಕೆಂಪು ನೂಲು, ಬಿಗಿ ಚೇಂಬರಿನದಕ್ಕೆ ಹಸಿರು ನೂಲು.

ಆ ವರ್ಷ ಹಸಿರು ನೂಲಿನ ರೈಫಲ್ಲಿನ ಚೇಂಬರಿನಲ್ಲಿ ಸ್ವಲ್ಪ ತುಕ್ಕು ಕಂಡಿತ್ತು. ನಂಜುಂಡ ಅದನ್ನು ತೆಗೆದು, ಗೇಜು ಹಾಕಿ ನೋಡಿ, ಅಳತೆ ಬದಲಾಗಿಲ್ಲ ಎಂದು ತನ್ನ ಪುಸ್ತಕದಲ್ಲಿ ಬರೆದಿದ್ದ. ಕ್ಲಬ್ಬಿನವರು ಅದರಲ್ಲೂ ಕೆಂಪು ನೂಲಿನದರಲ್ಲೂ ನಲವತ್ತು ನಲವತ್ತು ತೋಟಾ ಹಾರಿಸಿ, ಖಾಲಿ ತೋಟಾಗಳನ್ನು ಎರಡು ಡಬ್ಬಿಯಲ್ಲಿ ಕಳಿಸಿದರು. ಅವು ಬಂದದ್ದು ಆಯುಧಪೂಜೆಯ ಹಿಂದಿನ ದಿನ.

ವರ್ಕ್‌ಶಾಪಿನಲ್ಲಿ ಆಯುಧಪೂಜೆ ಎಂದರೆ ಮನೆಯ ಹಬ್ಬಕ್ಕಿಂತ ದೊಡ್ಡದು. ಲೇತಿಗೆ ಬಾಳೆಕಂದು, ಗೇಜುಗಳಿಗೆ ಕುಂಕುಮ, ಬಾಗಿಲಿಗೆ ಬೂದುಗುಂಬಳ. ಎಲ್ಲರೂ ತಮ್ಮ ತಮ್ಮ ಸಾಮಾನು ತಿಕ್ಕುತ್ತಿದ್ದರು. ನಾನು ನೋಡಿದೆ, ಹೊಗೆ ಹಿಡಿದು ಕಪ್ಪಾದ ಹಿತ್ತಾಳೆ. ದೇವರ ಮುಂದೆ ಇಡುವ ಹಿತ್ತಾಳೆ ಹಾಗಿರಬಾರದು ಎನ್ನಿಸಿತು. ಮನೆಯಲ್ಲಿ ದೀಪದ ಕಂಬ ತಿಕ್ಕುವ ಹಾಗೆ ತಿಕ್ಕೋಣವೆಂದು ಬೇಸಿನ್ನಿನಲ್ಲಿ ಹುಣಸೆಹಣ್ಣು ಕಿವುಚಿದೆ. ಜಿಡ್ಡು ಹಿಡಿದ ಹಳೆಯ ನೂಲುಗಳನ್ನು ಕಿತ್ತೆ, ಹೊಸದು ಕಟ್ಟಬೇಕೆಂದು. ಎರಡೂ ಡಬ್ಬಿಯನ್ನು ಒಂದೇ ಬೇಸಿನ್ನಿಗೆ ಸುರಿದೆ.

ಸುರಿದ ಮೇಲೆ ಗೊತ್ತಾಯಿತು, ಏನು ಮಾಡಿದೆನೆಂದು.

ಎಂಬತ್ತೂ ತೋಟಾ ಫಳಫಳ ಹೊಳೆಯುತ್ತಿದ್ದವು. ಕಣ್ಣಿಗೆ ಎಲ್ಲವೂ ಒಂದೇ. ಬಿಗಿ ಚೇಂಬರಿಗೆ ಹಾಕಿ ನೋಡೋಣವೆಂದರೆ ರೈಫಲ್ಲು ಪಾಂಡವಪುರದಲ್ಲಿತ್ತು. ಒಂದೊಂದನ್ನೂ ನೀರು ತುಂಬಿ ತೂಗಿದ್ದರೆ ಬೇರ್ಪಡಿಸಬಹುದಿತ್ತು. ಹೆಚ್ಚೆಂದರೆ ಒಂದು ದಿನದ ಕೆಲಸ. ಆಗ ಮೇಸ್ತ್ರಿಗಳು ಬಂದು ಬೇಸಿನ್ನು ನೋಡಿ, "ಆಹಾ, ಚಿನ್ನ ಕಣಮ್ಮ ಚಿನ್ನ! ಲೇ ನಂಜುಂಡ, ನೋಡ್ಲಾ ಇಲ್ಲಿ, ಕೆಲಸ ಅಂದ್ರೆ ಇದು" ಎಂದರು.

"ನಮ್ಮಕ್ಕ ಬುಟ್ರೆ ಕೋವೀನೂ ಉಣಸೆಅಣ್ಣಲ್ಲಿ ತಿಕ್ಬುಡ್ತಾರೆ ಸಾರ್" ಎಂದ ನಂಜುಂಡ.

ಹೊಗಳಿದವರ ಎದುರು, ತೋಟಾ ಬೆರೆತುಹೋಗಿವೆ ಎಂದು ಹೇಳುವುದು ನನ್ನಿಂದಾಗಲಿಲ್ಲ. ಅವರು ಆಚೆ ಹೋದ ಮೇಲೆ ಎಣಿಸಿ, ಈ ಡಬ್ಬಿಗೆ ನಲವತ್ತು, ಆ ಡಬ್ಬಿಗೆ ನಲವತ್ತು ಹಾಕಿದೆ. ಒಂದಕ್ಕೆ ಹೊಸ ಕೆಂಪು ನೂಲು, ಇನ್ನೊಂದಕ್ಕೆ ಹೊಸ ಹಸಿರು ನೂಲು ಕಟ್ಟಿದೆ. ಮಾರನೆಯ ದಿನ ಅವಕ್ಕೆ ಕುಂಕುಮ ಇಟ್ಟು ಕೈಮುಗಿದೆ.

ರಜೆ ಕಳೆದು ಬಂದ ಮೇಲೆ ಮೇಸ್ತ್ರಿಗಳು, "ಅಸಿರು ನೂಲಿಂದು ಐದು ಅಳೆದು ಕೊಡಮ್ಮ. ತುಕ್ಕು ತೆಗೆದವ್ನೆ, ಒಂದ್ಸಲ ನೋಡ್ಬುಡಾನ" ಎಂದರು.

ಮೊದಲ ಮೂರು ತೋಟಾ ಅಳೆದೆ. ಹಿಂದಿನ ಚೀಟಿಗಿಂತ ನೀರು ಹೆಚ್ಚು ಬಂತು. ನಾಲ್ಕನೆಯದು ಕಡಿಮೆ ಬಂತು, ಸರಿಯಾಗಿ ಹಿಂದಿನ ಚೀಟಿಯಲ್ಲಿದ್ದಷ್ಟೇ. ಕಾವ್ಯಾ, ಇಲ್ಲಿ ನಿಧಾನವಾಗಿ ಓದು. ನಾಲ್ಕನೆಯದೊಂದೇ ಆ ಡಬ್ಬಿಗೆ ಸೇರಿದ್ದು. ಮೂರು ಸೇರಿದ್ದಲ್ಲ. ಐದು ತೋಟಾ ಎರಡು ಬಗೆಯ ಅಳತೆ ತೋರಿಸಿದರೆ ಮೇಸ್ತ್ರಿಗಳು ಏಕೆಂದು ಕೇಳುತ್ತಾರೆ. ನಾನು ನಾಲ್ಕನೆಯದನ್ನು ಡಬ್ಬಿಯ ತಳಕ್ಕೆ ಹಾಕಿ ಬೇರೆ ತೆಗೆದೆ. ಅದು ಹೆಚ್ಚು ಬಂತು. ಐದನೆಯದೂ ಹೆಚ್ಚು ಬಂತು. ಐದೂ ಒಂದೇ ಸಮ ಇರುವ ಅಂದವಾದ ಚೀಟಿ ಬರೆದೆ.

"ಏನಮ್ಮ, ಜಾಸ್ತಿ ಬಂದದಲ್ಲ?"

"ಅಂಗೇ ಬಂದದೆ ಸಾರ್."

"ಐದೂ ಒಂದೇ ಬಂದದೆ ಅಂದ್ಮೇಲೆ ಇನ್ನೇನು. ಪಾಲಿಶಲ್ಲಿ ಚೇಂಬರು ಅಗಲ ಆಗದೆ" ಎಂದು ಅವರು ಆ ರೈಫಲ್ಲಿನ ಮದ್ದು ಹೆಚ್ಚಿಸಿದರು.

ಕ್ಲಬ್ಬಿನಲ್ಲಿ ಆ ರೈಫಲ್ಲು ಹಿಡಿದವರು ಪಾಂಡವಪುರದ ಒಬ್ಬ ಡ್ರಿಲ್ ಮೇಷ್ಟ್ರು. ತೋಟಾ ಬಿಗಿಯಾಗಿ ಕೂತಿತಂತೆ. ಚೇಂಬರಿನ ಬಾಯಿ ಮುಚ್ಚುವ ಬೋಲ್ಟನ್ನು ಅಂಗೈಯಲ್ಲಿ ಗುದ್ದಿ ಮುಚ್ಚಿದರಂತೆ. ಹಾರಿಸಿದ ಕೂಡಲೇ ತೋಟಾದ ಹಿಂಭಾಗದ ಕ್ಯಾಪು ಒಡೆದು ಬೆಂಕಿಯಂಥ ಹೊಗೆ ಹಿಂದಕ್ಕೆ ನುಗ್ಗಿತು. ಹಾಕಿಕೊಂಡಿದ್ದ ದಪ್ಪ ಕನ್ನಡಕ ಕಣ್ಣು ಉಳಿಸಿತು. ಹುಬ್ಬಿಗೆ ಹೊಲಿಗೆ ಬಿತ್ತು, ಕೆನ್ನೆ ಸುಟ್ಟಿತು. ಗಾಯವಾದ್ದರಿಂದ ಪೊಲೀಸರು ಬಂದು ರೈಫಲ್ಲು, ತೋಟಾ, ಡಬ್ಬಿ ಎಲ್ಲವನ್ನೂ ವಶಕ್ಕೆ ತೆಗೆದುಕೊಂಡರು. ಅಳೆದು ನೋಡಲು ನಮ್ಮಲ್ಲಿ ಏನೂ ಉಳಿಯಲಿಲ್ಲ. ನಂಜುಂಡನ ಪುಸ್ತಕ ಮತ್ತು ನನ್ನ ಚೀಟಿ, ಎರಡೇ.

ಮಾರನೆಯ ಬೆಳಿಗ್ಗೆ ಮಾಲೀಕರು ಎಲ್ಲರನ್ನೂ ಲೇತಿನ ಹತ್ತಿರ ಸೇರಿಸಿದರು. ಕೈಯಲ್ಲಿ ನನ್ನ ಚೀಟಿ ಇತ್ತು.

"ತುಕ್ಕು ತೆಗಿಯೋ ಅಂದ್ರೆ ಚೇಂಬರ್‌ನೇ ಬಗೆದು ಮಡಗಿದ್ದೀಯಲ್ಲ ನಂಜುಂಡ!"

"ಇಲ್ಲ ಸಾರ್. ಪಾಲಿಶ್ ಬಟ್ಟೆ ಬುಟ್ಟು ಬೇರೆ ಏನೂ ತಾಕಿಸಿಲ್ಲ. ಗೇಜ್ ಆಕಿ ನೋಡೇ ಬರೆದಿವ್ನಿ."

"ಅಂಗಾರೆ ನೀರು ಎಂಗ್ಲಾ ಜಾಸ್ತಿ ಬಂತು?"

"ಅದು ನಂಗೊತ್ತಿಲ್ಲ. ಚೇಂಬರು ಅಗಲ ಆಗಿದ್ರೆ ತೋಟಾ ಯಾಕ್ ಸಾರ್ ಬಿಗಿಯಾಗಿ ಕೂತ್ಕತದೆ? ಮೇಷ್ಟ್ರು ಗುದ್ದಿ ಮುಚ್ಚಿದ್ರಂತಲ್ಲ? ಅದ ಯಾರಾದ್ರೂ ಯೋಚ್ನೆ ಮಾಡುದ್ರಾ?"

ಅವನ ಮಾತು ನೂರಕ್ಕೆ ನೂರು ಸರಿಯಾಗಿತ್ತು. ಚೇಂಬರು ಬಿಗಿಯಾಗಿಯೇ ಇತ್ತು, ಅದಕ್ಕೆ ಹೋಗಿದ್ದು ಸಡಿಲ ಚೇಂಬರಿನಲ್ಲಿ ಉಬ್ಬಿದ ತೋಟಾ. ಅಲ್ಲಿದ್ದವರಲ್ಲಿ ಅದು ಅರ್ಥವಾದವಳು ನಾನೊಬ್ಬಳೇ ಇರಬೇಕು. ಮಾಲೀಕರು, "ನಿನ್ ಬಾಯಿ ನಂಬ್ಲಾ, ಚೀಟಿ ನಂಬ್ಲಾ?" ಎಂದರು. ನಂಜುಂಡ ನನ್ನ ಕಡೆ ತಿರುಗಿದ. "ಅಕ್ಕ, ನೀವಾರಾ ಏಳಿ. ಅಳೆಯೋವಾಗ ಏನಾರ ಎಚ್ಚುಕಡ್ಮೆ ಆಗಿತ್ತಾ?"

ನಾನು ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ನನ್ನ ನಾಚಿಕೆ ಎಂದುಕೊಂಡರು. ಗಂಡಸರ ನಡುವೆ ಮಾತಾಡದ ಹೆಂಗಸು, ಪಾಪ ಎಂದುಕೊಂಡರು. ನನ್ನ ಸಂಕೋಚ ಅವತ್ತು ನನಗೆ ಮರೆಯಾಗಿ ನಿಂತಿತು. ಹುಟ್ಟಿನಿಂದ ಬಂದ ಗುಣವನ್ನು ನಾನು ಸುಳ್ಳಿಗೆ ಬಳಸಿದ್ದು ಅದೊಂದೇ ಸಲ, ಆದರೆ ಆ ಒಂದು ಸಲ ಸಾಕಾಯಿತು. ನಂಜುಂಡನನ್ನು ಅವತ್ತೇ ಕೆಲಸದಿಂದ ತೆಗೆದರು. ಹೋಗುವಾಗ ಅವನು ತನ್ನ ಗೇಜುಗಳನ್ನು ಒರೆಸಿ, ಒಂದೊಂದನ್ನೂ ಅದರ ಜಾಗದಲ್ಲಿಟ್ಟು ಹೋದ.

ಕೋವಿ ಕೆಲಸದಲ್ಲಿ ಅವನನ್ನು ಆಮೇಲೆ ಯಾರೂ ಸೇರಿಸಿಕೊಳ್ಳಲಿಲ್ಲ. ಮೈಸೂರಿನಲ್ಲಿ ಎರಡು ಕಡೆ ಕೇಳಿದನಂತೆ. "ಚೇಂಬರ್ ಬಗೆದವನು" ಎಂಬ ಮಾತು ಅವನಿಗಿಂತ ಮೊದಲೇ ಹೋಗಿ ಬಾಗಿಲಲ್ಲಿ ಕೂತಿರುತ್ತಿತ್ತಂತೆ.

ಏಳು ವರ್ಷದ ಮೇಲೆ, ನಾನು ನಿವೃತ್ತಿಯಾಗುವ ವರ್ಷ, ಆ ರೈಫಲ್ಲು ಕೋರ್ಟಿನಿಂದ ಬಿಡುಗಡೆಯಾಗಿ ಬಂತು. ಮೇಸ್ತ್ರಿಗಳು ಚೇಂಬರಿಗೆ ಕರಗಿಸಿದ ಗಂಧಕ ಹುಯ್ದು ಅಚ್ಚು ತೆಗೆದರು. ಅಳೆದರು. ನಂಜುಂಡನ ಹಳೆಯ ಪುಸ್ತಕ ತರಿಸಿ ಪಕ್ಕದಲ್ಲಿಟ್ಟುಕೊಂಡು ನೋಡಿದರು. ಎರಡೂ ಒಂದೇ.

"ಅವ್ನು ಏಳಿದ್ದೇ ದಿಟ ಕಣಮ್ಮ. ಇವತ್ತಿಗೂ ಬಿಗೀನೇ ಅದೆ ಇದು. ಅವತ್ತು ನೀರು ಯಾಕ್ ಜಾಸ್ತಿ ಬಂತು ಅಂತ?"

ಆಗಲಾದರೂ ಹೇಳಬಹುದಿತ್ತು. ಅಲ್ಲಿ ನಾವಿಬ್ಬರೇ ಇದ್ದೆವು. ನಾನು, "ಗೊತ್ತಿಲ್ಲ ಸಾರ್" ಎಂದೆ. ಅವರು ಗಂಧಕದ ಅಚ್ಚನ್ನು ಕಾಗದದಲ್ಲಿ ಸುತ್ತಿ ಬೀರುವಿನಲ್ಲಿಟ್ಟರು.

ನಿವೃತ್ತಿಯ ದಿನ ಶಾಲು ಹೊದಿಸಿದರು. ಮಾಲೀಕರು ಮೈಕಿನಲ್ಲಿ, ಈ ಅಮ್ಮನ ಅಳತೆ ಒಂದು ದಿನವೂ ತಪ್ಪಿದ್ದಿಲ್ಲ ಎಂದರು. ಚಪ್ಪಾಳೆ ಬಿತ್ತು. ಮೇಸ್ತ್ರಿಗಳ ಕೈ ಮಾತ್ರ ತೊಡೆಯ ಮೇಲೇ ಇತ್ತು. ಆ ಶಾಲನ್ನು ನೀವು ಕೇಳಿದಾಗಲೆಲ್ಲ ಎಲ್ಲೋ ಇಟ್ಟಿದ್ದೇನೆ ಎನ್ನುತ್ತಿದ್ದೆನಲ್ಲ. ಮನೆಗೆ ತರಲೇ ಇಲ್ಲ. ಬಸ್ಸಿನಲ್ಲೇ ಬಿಟ್ಟು ಇಳಿದೆ.

ಅದಾದ ಮರುವಾರ ಕೆ.ಆರ್. ಪೇಟೆಗೆ ಹೋಗಿ, ಅಲ್ಲಿಂದ ಬಸ್ಸು ಬದಲಾಯಿಸಿ ಕಿಕ್ಕೇರಿಗೆ ಹೋದೆ. ನಂಜುಂಡ ಮನೆ ಮುಂದೆ ಶೆಡ್ಡು ಹಾಕಿಕೊಂಡು ಹಳೆಯ ಲೇತಿನಲ್ಲಿ ಬೋರ್‌ವೆಲ್ ಮೋಟಾರಿನ ಬುಷ್ಷು ತಿರುಗಿಸುತ್ತಿದ್ದ. ಕೂದಲು ನೆರೆತಿತ್ತು.

"ಓಹೋ, ಅಕ್ಕ! ದಾರಿ ತಪ್ಪಿ ಬಂದ್ರಾ? ಇಲ್ಲಿ ಫ್ಯಾನೂ ಇಲ್ಲ, ಆರಿಸೋ ಕಷ್ಟಾನೂ ಇಲ್ಲ, ಬನ್ನಿ" ಎಂದ.

ನಿಂತೇ ಹೇಳಿದೆ. ಹುಣಸೆಹಣ್ಣು, ಬೇಸಿನ್ನು, ನೂಲು, ನಾಲ್ಕನೆಯ ತೋಟಾ, ಗಂಧಕದ ಅಚ್ಚು. ನಾನು ಜೀವನದಲ್ಲಿ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದಿಲ್ಲ. ಅವನು ಲೇತು ನಿಲ್ಲಿಸಿದ. ಕೈ ಒರೆಸಿಕೊಂಡ. ಒಳಗಿಂದ ಅವನ ಹೆಂಡತಿ ನೀರು ತಂದುಕೊಟ್ಟಳು.

"ನಮ್ಮಪ್ಪ ಸಾಯೋಗಂಟ ಕೇಳ್ತಾನೇ ಇದ್ದ. ದಿಟ ಏಳ್ಲಾ ಮಗ, ಕೈ ಜಾರ್ತಾ ಅಂತ" ಎಂದ. ಕೋಪದ ದನಿಯಲ್ಲ. ಕೈ ಒರೆಸಿದ ಬಟ್ಟೆಯನ್ನು ಲೇತಿನ ಮೇಲಿಟ್ಟು, "ಬಾಯಲ್ಲಿ ಏಳಿದ್ದು ನಂಗೆ ಬ್ಯಾಡ ಅಕ್ಕ. ಅವತ್ತು ನನ್ ಬಾಯಿ ಯಾರೂ ನಂಬ್ನಿಲ್ಲ, ನಿಮ್ ಚೀಟಿ ನಂಬುದ್ರು. ಈಗ್ಲೂ ಬರೆದೇ ಕೊಡಿ. ಅದೇ ಅಕ್ಷರದಲ್ಲಿ" ಎಂದ.

ಬರೆದೆ. ಮಾಲೀಕರಿಗೊಂದು, ಮೇಸ್ತ್ರಿಗಳಿಗೊಂದು, ಡ್ರಿಲ್ ಮೇಷ್ಟ್ರಿಗೊಂದು, ನಂಜುಂಡನಿಗೊಂದು. ಮಾಲೀಕರಿಂದ ಇನ್ನೂ ಉತ್ತರ ಬಂದಿಲ್ಲ. ಮೇಷ್ಟ್ರು ಫೋನು ಮಾಡಿ, "ಓದಿದೆ" ಎಂದಷ್ಟೇ ಹೇಳಿ ಇಟ್ಟರು. ಮೇಸ್ತ್ರಿಗಳು ಗಂಧಕದ ಅಚ್ಚನ್ನು ನಂಜುಂಡನಿಗೆ ಕಳಿಸಿಕೊಟ್ಟರು. ಅದನ್ನು ಅವನು ಅಪ್ಪನ ಪಟದ ಕೆಳಗೆ ಇಟ್ಟಿದ್ದಾನಂತೆ.

ನಂಜುಂಡ ಮಾತ್ರ ನನ್ನ ಕಾಗದವನ್ನು ವಾಪಸ್ಸು ಕಳಿಸಿದ. ಎಲ್ಲೂ ಏನೂ ಬರೆದಿರಲಿಲ್ಲ. ಕೊನೆಯಲ್ಲಿ ನಾನು, "ಇದು ನಾನು ತಿಳಿಯದೆ ಮಾಡಿದ ತಪ್ಪು" ಎಂದು ಬರೆದಿದ್ದ ಸಾಲಿನ ಕೆಳಗೆ ಟರ್ನರುಗಳ ಸೀಸದ ಕಡ್ಡಿಯಿಂದ ಗೆರೆ ಎಳೆದಿದ್ದ. ಸ್ಕೇಲು ಇಟ್ಟು ಎಳೆದ ನೇರ ಗೆರೆ.

ಆ ಗೆರೆಯ ಮುಂದೆ ಎರಡು ದಿನ ಕೂತಿದ್ದೆ. ಬೇಸಿನ್ನಿಗೆ ಸುರಿದದ್ದು ತಿಳಿಯದೆ. ನಾಲ್ಕನೆಯ ತೋಟಾವನ್ನು ಡಬ್ಬಿಯ ತಳಕ್ಕೆ ಹಾಕಿದ್ದು ತಿಳಿದೇ. ಆ ಸಾಲನ್ನು ಹೊಡೆದುಹಾಕಿ, "ತಿಳಿದೇ ಮಾಡಿದೆ" ಎಂದು ತಿದ್ದಿ ನಾಲ್ವರಿಗೂ ಮತ್ತೆ ಬರೆದು ಕಳಿಸಿದೆ. ಈ ಸಲ ಕಿಕ್ಕೇರಿಯಿಂದ ಕಾಗದ ವಾಪಸ್ಸು ಬರಲಿಲ್ಲ.

ಕಾವ್ಯಾ, ನಿನ್ನ ಕೆಲಸದಲ್ಲಿ ಯಂತ್ರಗಳು ನನ್ನವಕ್ಕಿಂತ ಜಾಣವಾಗಿರುತ್ತವೆ. ಆದರೂ ಐದರಲ್ಲಿ ಒಂದು ಬೇರೆ ಬಂದಾಗ, ಬೇರೆ ಬಂದದ್ದನ್ನೇ ಮೊದಲು ಬರೆ. ಚಂದನಾ, ನಿನಗೆ ಈಗ ಇದೆಲ್ಲ ಅರ್ಥವಾಗದಿದ್ದರೆ ಪರವಾಗಿಲ್ಲ, ನಂಜುಂಡ ಎಂಬ ಹೆಸರು ನೆನಪಿಟ್ಟುಕೋ. ಅವನ ಕೈ ಜಾರಿರಲಿಲ್ಲ.

ಈ ಹಾಳೆಗಳ ಜೊತೆ ಅವನು ಗೆರೆ ಎಳೆದು ಕಳಿಸಿದ ಕಾಗದವೂ ಇದೆ. ಎರಡನ್ನೂ ಒಂದೇ ಕವರಿನಲ್ಲಿಟ್ಟು, ಅದಕ್ಕೆ ಹಸಿರು ನೂಲು ಕಟ್ಟಿದ್ದೇನೆ. ಜೋಪಾನ ಮಾಡಿ. ಮನೆಯ ಬೇರೆ ಕಾಗದಗಳ ಜೊತೆ ಬೆರೆಸಬೇಡಿ.